ಹಳೆಯ ಟ್ರ್ಯಾಕ್ಟರಿಗೆ ಯಾವ ಸ್ಟೇರಿಂಗು?



ಇಂದಿನ ನನ್ನ ವಿಷಯ ಒಂದೇ. ಅದು ಒಂದು ಪ್ರಶ್ನೆ. ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದು, ಬಣ್ಣವೆಲ್ಲ ಮಾಸಿದರೂ ಎಂಜಿನ್ನು ಇನ್ನೂ ಗಟ್ಟಿಯಾಗಿರುವ, ಮಾರಬೇಕೆಂದರೆ ಮನಸ್ಸೊಪ್ಪದ, ಹೊಸದನ್ನು ಕೊಳ್ಳಬೇಕೆಂದರೆ ಸಾಲಕ್ಕೆ ಅಂಜಿಕೆಯಾಗುವ ಹಳೆಯ ಟ್ರ್ಯಾಕ್ಟರಿಗೆ ಅದರ ಮೊದಲಿನ ಸಾದಾ ಸ್ಟೇರಿಂಗನ್ನೇ ದುರಸ್ತಿ ಮಾಡಿಸಿ ಉಳಿಸಿಕೊಳ್ಳಬೇಕೆ, ಇಲ್ಲವೆ ಅದನ್ನು ಕಳಚಿಸಿ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೇರಿಂಗನ್ನು ಕೂಡಿಸಬೇಕೆ?   ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಹುಟ್ಟಿದುದು ಗದ್ದೆಯ ಕೆಸರಿನಿಂದ.

ಈ ಕೆಸರು ನಮ್ಮಲ್ಲಿಗೆ ಬಂದುದು ಬಹಳ ಹಿಂದೆಯೇನೂ ಅಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. 1982ರ ಹೊತ್ತಿಗೆ ನಾರಾಯಣಪುರದ ಅಣೆಕಟ್ಟು ಸಿದ್ಧವಾಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯೂ, ಅದರ ಮುಂದುವರಿಕೆಯಾದ ಶಹಾಪುರ ಶಾಖಾ ಕಾಲುವೆಯೂ, ಮುಡಬಾಳ ಮೊದಲಾದ ಕವಲುಗಳೂ, ಜೋಳ, ತೊಗರಿ, ಹತ್ತಿಗಳನ್ನು ಮಾತ್ರ ಬಲ್ಲ ಎರೆಹೊಲಗಳಿಗೆ ನೀರನ್ನು ತಂದವು. ಈ ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಅಲ್ಪ ನೀರಿನ ಬೆಳೆಗಳೇ ಹೊರತು ಭತ್ತವಲ್ಲ. ಆದರೆ ಕಾಲುವೆಯ ತಲೆಯಲ್ಲಿದ್ದವನು ಭತ್ತವನ್ನು ಹಚ್ಚಿದನು. ಕಾಲುವೆಯ ತುದಿಯಲ್ಲಿದ್ದವನು ಇಂದಿಗೂ ನೀರಿಗಾಗಿ ಕಾಯುತ್ತಿದ್ದಾನೆ. ಈ ನ್ಯಾಯಾನ್ಯಾಯದ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ನಮಗೆ ಸಂಬಂಧಪಟ್ಟುದು ಇಷ್ಟೆ: ಒಣಹೊಲವನ್ನು ಹರಗಲೆಂದು ಕೊಂಡ ಸಾದಾ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಗಳನ್ನು ಕಟ್ಟಿಕೊಂಡು ಮೊಣಕಾಲುದ್ದದ ಕೆಸರಿಗೆ ಇಳಿದವು. ಅಲ್ಲಿಂದಲೇ ಡ್ರೈವರನ ಭುಜದ ನೋವು ಪ್ರಾರಂಭವಾಯಿತು.

ಹೀಗೆ ಪ್ರಶ್ನೆ ಯಾವುದು, ಅದು ಎಲ್ಲಿಂದ ಹುಟ್ಟಿತು ಎಂಬುದಾಯಿತು. ಇನ್ನು ಎರಡು ಸ್ಟೇರಿಂಗುಗಳ ಒಳರಚನೆಯನ್ನು ನೋಡೋಣ. ನಿಮ್ಮ ಕಣ್ಣ ಮುಂದೆ ಯಂತ್ರವಿಲ್ಲ. ಆದುದರಿಂದ ಮಾತಿನಲ್ಲಿಯೇ ಬಿಚ್ಚಿಡುತ್ತೇನೆ.

ಸಾದಾ ಸ್ಟೇರಿಂಗಿನಲ್ಲಿ ಎಲ್ಲವೂ ಕಬ್ಬಿಣ. ನಿಮ್ಮ ಕೈಯ ಚಕ್ರದಿಂದ ಒಂದು ದಂಡ ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಒಂದು ಪೆಟ್ಟಿಗೆ. ಅದನ್ನು ಗೇರ್ ಬಾಕ್ಸ್ ಎಂದು ತಪ್ಪಾಗಿ ತಿಳಿಯಬಾರದು, ಅದು ಸ್ಟೇರಿಂಗ್ ಬಾಕ್ಸು. ಅದರೊಳಗಿನ ತಿರುಪು, ನಿಮ್ಮ ಕೈಯ ದೀರ್ಘವಾದ ಹಗುರ ಚಲನೆಯನ್ನು ಹ್ರಸ್ವವಾದ ಬಲವಾದ ಚಲನೆಯನ್ನಾಗಿ ಮಾರ್ಪಡಿಸುತ್ತದೆ. ಚಕ್ರವನ್ನು ಪೂರ್ಣ ಒಂದು ಸುತ್ತು ಸುತ್ತಿದರೆ ಮುಂದಿನ ಗಾಲಿ ಸುಮಾರು 20 ಡಿಗ್ರಿ ಹೊರಳುತ್ತದೆ. ಪೆಟ್ಟಿಗೆಯಿಂದ ಹೊರಬಂದ ತೋಳು ಒಂದು ರಾಡನ್ನು ಎಳೆಯುತ್ತದೆ. ಆ ರಾಡು ಗಾಲಿಯ ತೋಳನ್ನು ಎಳೆಯುತ್ತದೆ. ಟೈ ರಾಡು ಈ ಗಾಲಿಯನ್ನು ಆ ಗಾಲಿಗೆ ಜೋಡಿಸುತ್ತದೆ. ಪ್ರತಿಯೊಂದು ಸಂಧಿಯಲ್ಲಿಯೂ ಒಂದು ಬಾಲ್ ಜಾಯಿಂಟು. ಗಾಲಿ ಹೊರಳುವ ಮೂಲಸ್ಥಾನದಲ್ಲಿ ಕಿಂಗ್ ಪಿನ್ನು, ಅದರ ಬುಶ್ಶು. 35 ಅಶ್ವಶಕ್ತಿಯ ಟ್ರ್ಯಾಕ್ಟರಿನಲ್ಲಿ ಈ ಮುಂಭಾಗದ ಮೇಲೆ ಕೂತಿರುವ ಭಾರ ಸುಮಾರು 700 ಕಿಲೋ.

ಪವರ್ ಸ್ಟೇರಿಂಗಿನಲ್ಲಿ, ಅದರಲ್ಲಿಯೂ ನಮ್ಮ ದೇಶದ ಟ್ರ್ಯಾಕ್ಟರುಗಳಲ್ಲಿ ಈಗ ಸಾಮಾನ್ಯವಾಗಿರುವ ಬಗೆಯಲ್ಲಿ, ಈ ಕಬ್ಬಿಣದ ಸರಪಳಿ ನಡುವೆ ತುಂಡಾಗುತ್ತದೆ. ಚಕ್ರದ ಕೆಳಗೆ ಆರ್ಬಿಟ್ರೋಲ್ ಎಂಬ ಮುಷ್ಟಿಗಾತ್ರದ ಯಂತ್ರ ಕೂತಿರುತ್ತದೆ. ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತುತ್ತದೆ. ನೀವು ಚಕ್ರವನ್ನು ತಿರುಗಿಸಿದಷ್ಟು ಎಣ್ಣೆಯನ್ನು ಆರ್ಬಿಟ್ರೋಲು ಅಳೆದು, ರಬ್ಬರು ಪೈಪುಗಳ ಮೂಲಕ ಮುಂದಿನ ಆಕ್ಸಲಿನ ಮೇಲಿರುವ ಸಿಲಿಂಡರಿಗೆ ಕಳಿಸುತ್ತದೆ. ಸಿಲಿಂಡರಿನ ದಂಡ ಗಾಲಿಯನ್ನು ತಳ್ಳುತ್ತದೆ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪ್ಯಾಸ್ಕಲನು ಕಂಡ ತತ್ತ್ವವೇ ಇಲ್ಲಿಯೂ ಆಧಾರ. ಮೋಟಾರು ವಾಹನಕ್ಕೆ ಎಣ್ಣೆಯ ಸ್ಟೇರಿಂಗನ್ನು ಅಳವಡಿಸಿ ತೋರಿಸಿದವನು ಅಮೆರಿಕದ ಫ್ರಾನ್ಸಿಸ್ ಡೇವಿಸ್. ಅದು 1926ರ ಮಾತು. ಕಾರುಗಳ ಮಾರುಕಟ್ಟೆಗೆ ಅದು ಬಂದುದು 1951ರಲ್ಲಿ. ಆರ್ಬಿಟ್ರೋಲು ಹುಟ್ಟಿ ರೈತನ ಯಂತ್ರಕ್ಕೆ ಈ ಸೌಕರ್ಯ ಅಗ್ಗವಾಗಿ ದೊರೆಯುವಂತಾದುದು ಅದರ ತರುವಾಯ.

ಒಂದು ಕಡೆ ಕಬ್ಬಿಣದ ಕೊಂಡಿ, ಇನ್ನೊಂದು ಕಡೆ ಎಣ್ಣೆಯ ಕೊಂಡಿ: ಇದು ರಚನೆಯ ಭೇದ. ಈ ಭೇದದಿಂದ ಡ್ರೈವರನ ಅನುಭವದಲ್ಲಿ ಏನು ಬದಲಾಗುತ್ತದೆ?

ಎತ್ತಿನ ಮೂಗುದಾರವನ್ನು ಹಿಡಿದವನ ಕೈಗೆ ಎತ್ತಿನ ಮನಸ್ಸು ತಿಳಿಯುವಂತೆ, ಸಾದಾ ಸ್ಟೇರಿಂಗನ್ನು ಹಿಡಿದವನ ಕೈಗೆ ನೆಲದ ಸಮಾಚಾರ ತಿಳಿಯುತ್ತದೆ. ಕಲ್ಲು ಸಿಕ್ಕಿತೆ, ಗುಂಡಿ ಬಂತೆ, ಮುಂದಿನ ಗಾಲಿ ನೆಲ ಬಿಟ್ಟು ಹಗುರಾಯಿತೆ, ಎಲ್ಲವೂ ಚಕ್ರದ ಮೂಲಕ ಹಿಂದಕ್ಕೆ ಬರುತ್ತದೆ. ಕೆಲವೊಮ್ಮೆ ಬಹಳ ಜೋರಾಗಿಯೇ ಬರುತ್ತದೆ. ಬದುವಿಗೆ ಗಾಲಿ ತಾಗಿದಾಗ ಚಕ್ರ ಫಕ್ಕನೆ ತಿರುಗಿ ಹೆಬ್ಬೆರಳನ್ನು ಉಳುಕಿಸಿದ ಅನುಭವ ಇದನ್ನು ಕೇಳುತ್ತಿರುವ ಅನೇಕ ಡ್ರೈವರುಗಳಿಗೆ ಇದ್ದೀತು. ಎಣ್ಣೆಯ ಸ್ಟೇರಿಂಗು ಈ ಹೊಡೆತವನ್ನು ತಾನೇ ನುಂಗುತ್ತದೆ. ಅದು ಉಪಕಾರ. ಆದರೆ ಹೊಡೆತದೊಡನೆ ಸಮಾಚಾರವನ್ನೂ ನುಂಗುತ್ತದೆ. ಇದನ್ನು ಉಪಕಾರವೆನ್ನಲು ನಾನು ಸಿದ್ಧನಿಲ್ಲ. ಟ್ರಾಲಿಯ ಭಾರ ಹಿಂದಕ್ಕೆ ಹೆಚ್ಚಾಗಿ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿರುವುದು ಸಾದಾ ಸ್ಟೇರಿಂಗಿನವನಿಗೆ ಕೈಯಲ್ಲಿಯೇ ಗೊತ್ತಾಗುತ್ತದೆ; ಪವರ್ ಸ್ಟೇರಿಂಗಿನವನಿಗೆ ಚಕ್ರ ಯಾವಾಗಲೂ ಹಗುರವೇ.

ಈಗ ಮುಖ್ಯ ವಿಚಾರಕ್ಕೆ ಬರುತ್ತೇನೆ. ಎರಡರ ರಚನೆಯನ್ನೂ ಗುಣವನ್ನೂ ಕೇಳಿದಿರಿ. ಆಯ್ಕೆಗೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಸ್ಟೇರಿಂಗು ಬಿಗಿಯಾಗಿರುವುದು ಅದು ಸಾದಾ ಸ್ಟೇರಿಂಗಾಗಿರುವುದರಿಂದಲೋ, ಅಥವಾ ಅದು ರೋಗಗ್ರಸ್ತವಾಗಿರುವುದರಿಂದಲೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ನಮ್ಮ ಗ್ಯಾರೇಜುಗಳ ಮುಂದೆ ನಿಂತರೆ ಇಂಥ ಸಂಭಾಷಣೆ ಕಿವಿಗೆ ಬೀಳುತ್ತದೆ. "ಕಾಕಾ, ಸ್ಟೇರಿಂಗ್ ಭಾಳ ಬಿಗಿ ಆಗ್ಯಾದ. ಪವರ್ ಹಾಕಿಸಿಬಿಡ್ಲೇನು?" ಎಂದು ತರುಣನು ಕೇಳುತ್ತಾನೆ. ಬಲ್ಲ ಮಿಸ್ತ್ರಿಯಾದರೆ, "ಹಾಕೂದು ಇರ್ಲಿ ತಮ್ಮಾ, ಮೊದ್ಲ ಮುಂದಿಂದು ಜ್ಯಾಕ್ ಮ್ಯಾಲ ಏರ್ಸು" ಎನ್ನುತ್ತಾನೆ. ಅರಿಯದವನಾದರೆ ಕೂಡಲೆ ಲೆಕ್ಕ ಬರೆಯಲು ಕಾಗದ ಹುಡುಕುತ್ತಾನೆ.

ಜ್ಯಾಕಿನ ಪರೀಕ್ಷೆ ಸುಲಭ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲನ್ನು ಎತ್ತಿ, ಕೆಳಗೆ ಗಟ್ಟಿಯಾದ ದಿಮ್ಮಿಯನ್ನಿಟ್ಟು, ಎರಡು ಗಾಲಿಗಳೂ ನೆಲದಿಂದ ಬಿಡುವಂತೆ ಮಾಡಿರಿ. ಈಗ ಚಕ್ರವನ್ನು ಎರಡೂ ಕೊನೆಗಳವರೆಗೆ ತಿರುಗಿಸಿರಿ. ಒಂದು ಕೈಯಲ್ಲಿ ಸರಾಗವಾಗಿ ತಿರುಗಿತೆಂದರೆ ಯಂತ್ರದಲ್ಲಿ ದೋಷವಿಲ್ಲ. ಬಿಗಿತಕ್ಕೆ ಕಾರಣ ಭಾರ, ಕೆಸರು ಅಥವಾ ಟಯರಿನ ಗಾಳಿ. ಮುಂದಿನ ಟಯರಿನಲ್ಲಿ ಸುಮಾರು 30 ಪೌಂಡು ಗಾಳಿ ಇರಬೇಕಾದಲ್ಲಿ ಹದಿನೈದೇ ಇದ್ದರೆ ಯಾವ ಸ್ಟೇರಿಂಗು ತಾನೇ ಹಗುರಾದೀತು? ಅದರ ಚಿಕಿತ್ಸೆಗೆ ಹತ್ತು ರೂಪಾಯಿ ಸಾಕು.

ಎತ್ತಿದ ಮೇಲೂ ಬಿಗಿಯಾಗಿದ್ದರೆ, ಸ್ಟೇರಿಂಗ್ ಬಾಕ್ಸಿನ ತೋಳಿನಿಂದ ರಾಡನ್ನು ಬಿಚ್ಚಿಸಿರಿ. ಮತ್ತೆ ಚಕ್ರವನ್ನು ತಿರುಗಿಸಿರಿ. ಈಗ ಹಗುರಾಯಿತೆ? ಹಾಗಾದರೆ ರೋಗ ಕೆಳಗಿದೆ: ಕಿಂಗ್ ಪಿನ್ನಿನಲ್ಲಿ, ಅದರ ಕೆಳಗಿನ ಬೇರಿಂಗಿನಲ್ಲಿ, ಗ್ರೀಸು ಕಾಣದೆ ಒಣಗಿದ ಬುಶ್ಶಿನಲ್ಲಿ. ಇನ್ನೂ ಬಿಗಿಯೆ? ಹಾಗಾದರೆ ರೋಗ ಮೇಲಿದೆ. ಬಾಕ್ಸಿನ ಎಣ್ಣೆ ಸೋರಿಹೋಗಿರಬಹುದು. ಸೀಲು ಹರಿದು ಗದ್ದೆಯ ನೀರು ಒಳಹೊಕ್ಕಿರಬಹುದು. ಇಲ್ಲವೆ ಹಿಂದೊಮ್ಮೆ ಸ್ಟೇರಿಂಗಿಗೆ ಆಟ, ಎಂದರೆ ಸಡಿಲು, ಬಂದಿದೆಯೆಂದು ದೂರಿದಾಗ, ಮಿಸ್ತ್ರಿಯು ಸವೆದ ಬಾಲ್ ಜಾಯಿಂಟನ್ನು ಬದಲಿಸುವುದನ್ನು ಬಿಟ್ಟು, ಬಾಕ್ಸಿನ ತಿರುಪನ್ನೇ ಬಿಗಿಮಾಡಿ ಕಳಿಸಿರಬಹುದು. ಈ ಕೊನೆಯದು ನಮ್ಮ ಕಡೆ ಅತಿ ಸಾಮಾನ್ಯವಾದ ಅಪಚಾರ. ಆಟ ಒಂದು ಸ್ಥಾನದಲ್ಲಿ, ಚಿಕಿತ್ಸೆ ಇನ್ನೊಂದು ಸ್ಥಾನದಲ್ಲಿ. ಫಲವಾಗಿ ಒಂದು ರೋಗದ ಬದಲು ಎರಡು.

ಪರೀಕ್ಷೆಯ ವಿಚಾರವನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಎಣ್ಣೆಯ ಸ್ಟೇರಿಂಗನ್ನು ಕೂಡಿಸಿದರೂ ಕಿಂಗ್ ಪಿನ್ನು, ಬುಶ್ಶು, ಟೈ ರಾಡು, ಬಾಲ್ ಜಾಯಿಂಟುಗಳು ಹಳೆಯವೇ ಉಳಿಯುತ್ತವೆ. 50 ಮಿಲಿಮೀಟರು ಒಳವ್ಯಾಸದ ಒಂದು ಸಿಲಿಂಡರನ್ನು ತೆಗೆದುಕೊಳ್ಳಿರಿ. ಅದರ ಅಡ್ಡಗಾತ್ರ ಸುಮಾರು 20 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡ ಈ ಯಂತ್ರಗಳಲ್ಲಿ ಅಸಾಧಾರಣವಲ್ಲ. ಗುಣಿಸಿದರೆ 2000 ಕಿಲೋ, ಎಂದರೆ 2 ಟನ್ನು. ಮನುಷ್ಯನ ತೋಳು ಸೋತು ನಿಲ್ಲುವ ಸ್ಥಳದಲ್ಲಿ ಈ 2 ಟನ್ನು ನಿಲ್ಲುವುದಿಲ್ಲ. ನಿಂತ ಟ್ರ್ಯಾಕ್ಟರಿನಲ್ಲಿ, ಹೂತ ಗಾಲಿಯನ್ನು, ಒಂದೇ ಬೆರಳಿನಿಂದ ಡ್ರೈವರು ಹೊರಳಿಸುತ್ತಾನೆ. ಆ ಹೊರೆಯೆಲ್ಲ ಸವೆದ ಸಂಧಿಯ ಮೇಲೆ ಬೀಳುತ್ತದೆ. ಅದು ಒಂದು ದಿನ ಮುರಿಯುತ್ತದೆ. ಮುಂಭಾಗವನ್ನು ಸರಿಪಡಿಸದೆ ಪವರ್ ಸ್ಟೇರಿಂಗು ಹಾಕಿಸುವುದು ವ್ಯರ್ಥವಷ್ಟೇ ಅಲ್ಲ, ಅಪಾಯಕರ. ಇನ್ನು ಮುಂಭಾಗವನ್ನು ಪೂರ್ತಿಯಾಗಿ ಸರಿಪಡಿಸಿದ ಮೇಲೆ ಬಹುಮಂದಿಗೆ ಪವರ್ ಸ್ಟೇರಿಂಗಿನ ಅವಶ್ಯಕತೆಯೇ ಕಾಣದೆಹೋಗುವುದೂ ಉಂಟು.

ಬಹುಮಂದಿಗೆ ಎಂದೆ, ಎಲ್ಲರಿಗೂ ಎನ್ನಲಿಲ್ಲ. ಯಂತ್ರ ಆರೋಗ್ಯವಾಗಿದ್ದರೂ ಕೆಲಸವೇ ಪವರ್ ಸ್ಟೇರಿಂಗನ್ನು ಬೇಡುವ ಸಂದರ್ಭವಿದೆ. ಅದನ್ನು ತಿಳಿಯಲು ಒಂದು ಲೆಕ್ಕವನ್ನು ಮಾಡೋಣ.

ಒಂದು ಎಕರೆ ಚೌಕಾಕಾರದ ಭತ್ತದ ಮಡಿಯನ್ನು ಕಲ್ಪಿಸಿಕೊಳ್ಳಿರಿ. ಅದರ ಬದಿ ಸುಮಾರು 63 ಮೀಟರು. ಕೆಸರನ್ನು ಕಲಸುವ ರೋಟವೇಟರಿನ ಅಗಲ ಸುಮಾರು ಒಂದು ಮುಕ್ಕಾಲು ಮೀಟರು. ಎಂದರೆ ಆ ಎಕರೆಯನ್ನು ಒಮ್ಮೆ ಮುಗಿಸಲು 35ರಿಂದ 40 ಸಾಲು. ಪ್ರತಿ ಸಾಲಿನ ಕೊನೆಗೂ ಒಂದು ಪೂರ್ಣ ತಿರುವು. ನಾಟಿಗೆ ಹದವಾಗಬೇಕಾದರೆ ಮೂರು ಸಲ ಹೊಡೆಯಬೇಕು. ದಿನಕ್ಕೆ ನಾಲ್ಕು ಎಕರೆಯೆಂದರೆ ತಿರುವುಗಳ ಸಂಖ್ಯೆ ಐನೂರರ ಹತ್ತಿರ ಬರುತ್ತದೆ. ಪ್ರತಿ ತಿರುವಿನಲ್ಲಿಯೂ ಚಕ್ರವನ್ನು ಕೊನೆಯವರೆಗೆ ಸುತ್ತಿ ಮರಳಿ ಬಿಚ್ಚಬೇಕು. ಅದೂ ಎರೆಮಣ್ಣಿನಲ್ಲಿ, ನೀರು ಕುಡಿದು ಉಬ್ಬಿ, ಗಾಲಿಯನ್ನು ಹಿಡಿದರೆ ಬಿಡದ ಆ ಕಪ್ಪು ಜಿಗುಟು ಮಣ್ಣಿನಲ್ಲಿ. ಡ್ರೈವರು ಒಂದು ಬದಿಯ ಬ್ರೇಕನ್ನು ಮೆಟ್ಟಿ ಟ್ರ್ಯಾಕ್ಟರನ್ನು ಹೊರಳಿಸುವ ಉಪಾಯ ಮಾಡುತ್ತಾನೆ; ಅದರಿಂದ ಕೈಯ ಶ್ರಮ ತಗ್ಗಿ ಬ್ರೇಕಿನ ಆಯುಸ್ಸು ತಗ್ಗುತ್ತದೆ.

ಈಗ ಗುರುಮಠಕಲ್ ಕಡೆಯ ಒಬ್ಬ ಒಣಬೇಸಾಯದವನ ತೊಗರಿಹೊಲವನ್ನು ಭಾವಿಸಿರಿ. ಸಾಲು 200 ಮೀಟರು ಉದ್ದ. ಹರಗುವ ಉಪಕರಣದ ಅಗಲ 2 ಮೀಟರು. ಎಕರೆಗೆ ಬೇಕಾದ ತಿರುವುಗಳು ಹತ್ತೇ ಹತ್ತು. ಅದೂ ಗಟ್ಟಿನೆಲದಲ್ಲಿ, ಒಮ್ಮೆ ಹರಗಿದರೆ ಮುಗಿಯಿತು. ಮೊದಲನೆಯವನ ತೋಳು ಎಕರೆಗೆ ನೂರು ನೂರಿಪ್ಪತ್ತು ಸಲ ಮಾಡುವ ಕೆಲಸವನ್ನು ಎರಡನೆಯವನ ತೋಳು ಹತ್ತು ಸಲದಲ್ಲಿ ಮುಗಿಸುತ್ತದೆ. ಇಬ್ಬರ ಟ್ರ್ಯಾಕ್ಟರೂ ಒಂದೇ ಕಂಪನಿಯದು, ಒಂದೇ ವರ್ಷದ್ದು ಇರಬಹುದು. ಆದರೂ ಇಬ್ಬರಿಗೂ ಒಂದೇ ಸಲಹೆಯನ್ನು ಕೊಡುವವನು ಹೊಲವನ್ನು ನೋಡಿದವನಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇದು. ಹುಣಸಗಿ, ಸುರಪುರ, ಶಹಾಪುರಗಳ ಕಾಲುವೆಯ ಕೆಳಗೆ ಭತ್ತದ ಕೆಸರಿನಲ್ಲಿ ಋತುವಿಗೆ ಹಲವಾರು ವಾರ ಬಾಡಿಗೆಗೆ ದುಡಿಯುವ ಟ್ರ್ಯಾಕ್ಟರಿಗೆ, ಮುಂದಕ್ಕೆ ಮಣ್ಣೆತ್ತುವ ಲೋಡರನ್ನು ಕಟ್ಟಿದ ಟ್ರ್ಯಾಕ್ಟರಿಗೆ, ವಯಸ್ಸಾದ ಒಡೆಯನೇ ನಡೆಸುವ ಟ್ರ್ಯಾಕ್ಟರಿಗೆ ಎಣ್ಣೆಯ ಸ್ಟೇರಿಂಗು ಯೋಗ್ಯ. ಒಣಹೊಲಕ್ಕೂ ಟ್ರಾಲಿಗೂ ಮೀಸಲಾದ ಹಳೆಯ ಟ್ರ್ಯಾಕ್ಟರಿಗೆ ಸಾದಾ ಸ್ಟೇರಿಂಗೇ ಸಾಕು. ಪವರ್ ಸ್ಟೇರಿಂಗಿಗೆ ಹಾಕುವ ಹಣದಲ್ಲಿ ಒಳ್ಳೆಯ ಮುಂದಿನ ಟಯರುಗಳನ್ನು ಕೊಂಡರೆ ಹೆಚ್ಚು ಉಪಯೋಗ.

ಆಯ್ಕೆಯ ಮಾತಾಯಿತು. ಎಣ್ಣೆಯ ಸ್ಟೇರಿಂಗೇ ಬೇಕೆಂದು ನಿಶ್ಚಯಿಸಿದವರು ಅದನ್ನು ಕೂಡಿಸುವಾಗ ಗಮನಿಸಬೇಕಾದುದನ್ನು ಇನ್ನು ಹೇಳುತ್ತೇನೆ.

ಅನೇಕ ಕಂಪನಿಗಳು ಒಂದೇ ಮಾದರಿಯ ಟ್ರ್ಯಾಕ್ಟರನ್ನು ಎರಡು ಬಗೆಯ ಸ್ಟೇರಿಂಗಿನಲ್ಲಿಯೂ ಮಾರಿವೆ. ನಿಮ್ಮದು ಅಂಥ ಮಾದರಿಯಾದರೆ ಅದೇ ಕಂಪನಿಯ ಭಾಗಗಳನ್ನೇ ತರಿಸಿರಿ. ಯಾವುದೋ ಗುಜರಿಯ ಸಿಲಿಂಡರನ್ನು ಬೆಸುಗೆ ಹಾಕಿ ಆಕ್ಸಲಿಗೆ ಅಂಟಿಸುವ ಕೌಶಲ್ಯಕ್ಕೆ ಮರುಳಾಗಬೇಡಿರಿ. 1988ರ ಮೋಟಾರು ವಾಹನ ಕಾಯಿದೆಯೂ ತಯಾರಕರ ನಿರ್ದೇಶನಕ್ಕೆ ವ್ಯತ್ಯಸ್ತವಾಗುವಂತೆ ವಾಹನವನ್ನು ಮಾರ್ಪಡಿಸಲು ಒಡೆಯನಿಗೆ ಸ್ವಾತಂತ್ರ್ಯ ಕೊಟ್ಟಿಲ್ಲ.

ಪಂಪಿನ ವಿಷಯವನ್ನು ಬಹಳ ಜನ ಕೇಳುವುದೇ ಇಲ್ಲ. ಕೆಲವರು ಸ್ಟೇರಿಂಗಿಗೆ ಬೇರೆ ಪಂಪನ್ನು ಕೂಡಿಸುತ್ತಾರೆ. ಕೆಲವರು ಹಿಂದಿನ ಉಪಕರಣವನ್ನು ಎತ್ತುವ ಲಿಫ್ಟಿನ ಪಂಪಿನಿಂದಲೇ ಎಣ್ಣೆಯನ್ನು ಕವಲೊಡೆಸುತ್ತಾರೆ. ಎರಡನೆಯದು ಅಗ್ಗ. ಆದರೆ ಸಾಲಿನ ಕೊನೆಯಲ್ಲಿ ಡ್ರೈವರು ಏನು ಮಾಡುತ್ತಾನೆ? ರೋಟವೇಟರನ್ನು ಎತ್ತುತ್ತಾನೆ, ಅದೇ ಕ್ಷಣದಲ್ಲಿ ತಿರುಗುತ್ತಾನೆ. ಸ್ಟೇರಿಂಗಿಗೆ ಮೊದಲ ಪಾಲು ಕೊಡುವ ವಾಲ್ವು ನಡುವೆ ಇಲ್ಲದಿದ್ದರೆ, ಎಣ್ಣೆಯೆಲ್ಲ ಲಿಫ್ಟಿಗೆ ಹರಿದು, ಅತ್ಯಗತ್ಯವಾದ ಹೊತ್ತಿನಲ್ಲಿಯೇ ಚಕ್ರ ಕೈಗೆ ಬಿಗಿಯಾಗುತ್ತದೆ. ಬೇರೆ ಪಂಪನ್ನೇ ಕೇಳಿರಿ.

ಎಣ್ಣೆಯ ಶತ್ರುಗಳು ನಮ್ಮ ಸೀಮೆಯಲ್ಲಿ ಎರಡು: ಕೆಸರು ಮತ್ತು ಬಿಸಿಲು. ಸಿಲಿಂಡರಿನ ದಂಡದ ಮೇಲೆ ಒಣಗಿದ ಎರೆಮಣ್ಣು ಮರುದಿನ ಸೀಲಿನೊಳಕ್ಕೆ ಉಜ್ಜಿಕೊಂಡು ಹೋಗುತ್ತದೆ. ಆದುದರಿಂದ ಪ್ರತಿ ಸಂಜೆ ಅದನ್ನು ತೊಳೆದು ಒರಸಬೇಕು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಊರುಗಳು ನಮ್ಮವು. ಬಯಲಲ್ಲಿ ನಿಂತ ಟ್ರ್ಯಾಕ್ಟರಿನ ರಬ್ಬರು ಪೈಪು ಬಿರುಸಾಗಿ ಬಿರುಕು ಬಿಡುತ್ತದೆ. ಸೋರಿಕೆ ಎಲ್ಲಿದೆಯೆಂದು ಹುಡುಕುವಾಗ ಎಂಜಿನ್ನು ನಡೆಯುತ್ತಿದ್ದರೆ ಬೆರಳನ್ನು ಹಚ್ಚಲೇಬೇಡಿರಿ. ಸೂಜಿಯ ಕಣ್ಣಿನಷ್ಟು ತೂತಿನಿಂದ ಹೊರಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಸೇರುತ್ತದೆ; ಮೇಲ್ನೋಟಕ್ಕೆ ಅದು ಸಣ್ಣ ಚುಕ್ಕೆ, ಒಳಗೆ ಅದು ಕೈಯನ್ನೇ ಕಳೆಯಬಲ್ಲ ಗಾಯ. ರಟ್ಟಿನ ತುಂಡೊಂದನ್ನು ಹಿಡಿದು ನೋಡಿರಿ. ಗಾಯವಾದರೆ ಅರಿಶಿನ ಹಚ್ಚಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿರಿ.

ಗದ್ದೆಯ ವಿಚಾರ ಇಲ್ಲಿಗೆ ಮುಗಿಯಿತು. ಆದರೆ ಟ್ರ್ಯಾಕ್ಟರು ಗದ್ದೆಯಲ್ಲಿಯೇ ಇರುವುದಿಲ್ಲ, ರಸ್ತೆಗೂ ಬರುತ್ತದೆ. ಶಹಾಪುರದ ಹತ್ತಿಯನ್ನು ಹೇರಿಕೊಂಡು ಭೀಮೆಯ ಸೇತುವೆಯನ್ನು ದಾಟಿ ಯಾದಗಿರಿಗೆ ಬರುತ್ತದೆ. ಗುಡ್ಡಗಳ ನಡುವೆ ಕೂತಿರುವ ಸುರಪುರದ ಇಳಿಜಾರುಗಳಲ್ಲಿ ಟ್ರಾಲಿಯನ್ನು ಎಳೆದುಕೊಂಡು ಇಳಿಯುತ್ತದೆ.

ಇಳಿಜಾರು ಬಂದೊಡನೆ ಡೀಸೆಲು ಉಳಿಸಲು ಎಂಜಿನ್ನನ್ನು ಆರಿಸಿ, ನ್ಯೂಟ್ರಲ್ಲಿನಲ್ಲಿ ಬಿಡುವ ದುರಭ್ಯಾಸ ನಮ್ಮ ಕೆಲವು ಡ್ರೈವರುಗಳಿಗೆ ಇದೆ. ಸಾದಾ ಸ್ಟೇರಿಂಗಿನಲ್ಲಿಯೂ ಅದು ಪ್ರಾಣಾಂತಿಕವೇ. ಹಿಂದಿನ ಟ್ರಾಲಿ ಟ್ರ್ಯಾಕ್ಟರನ್ನು ತಳ್ಳಿಕೊಂಡು ಹೋಗುತ್ತದೆ. ಎಣ್ಣೆಯ ಸ್ಟೇರಿಂಗಿನಲ್ಲಿ ಇನ್ನೊಂದು ವಿಪತ್ತು ಸೇರುತ್ತದೆ. ಎಂಜಿನ್ನು ನಿಂತರೆ ಪಂಪು ನಿಲ್ಲುತ್ತದೆ. ಆಗ ಆರ್ಬಿಟ್ರೋಲು ಕೈಪಂಪಿನಂತೆ ವರ್ತಿಸಿ, ನಿಮ್ಮ ತೋಳಿನ ಬಲದಿಂದಲೇ ಎಣ್ಣೆಯನ್ನು ನೂಕುತ್ತದೆ. ಗಾಲಿ ತಿರುಗುತ್ತದೆ, ಆದರೆ ಸಾದಾ ಸ್ಟೇರಿಂಗಿಗಿಂತ ಎಷ್ಟೋ ಬಿಗಿಯಾಗಿ ತಿರುಗುತ್ತದೆ. ಪೈಪು ಒಡೆದು ಎಣ್ಣೆಯೇ ಹೋಯಿತೆಂದರೆ ಅದೂ ಇಲ್ಲ. ಚಕ್ರ ಹಗುರವಾಗಿ ಸುತ್ತುತ್ತದೆ, ಗಾಲಿ ಅಲುಗುವುದಿಲ್ಲ. ಸಾದಾ ಸ್ಟೇರಿಂಗಿನಲ್ಲಿಯೂ ಬಾಲ್ ಜಾಯಿಂಟು ಕಳಚಿದರೆ ಇದೇ ಗತಿ ಎಂಬುದು ನಿಜ. ಆದರೆ ಬಾಲ್ ಜಾಯಿಂಟು ಕಳಚುವ ಮುನ್ನ ತಿಂಗಳುಗಟ್ಟಲೆ ಆಟ ಬಂದು ಕೈಗೆ ಎಚ್ಚರಿಕೆ ಕೊಡುತ್ತದೆ. ಪೈಪು ಒಡೆಯುವ ಮುನ್ನ ಎಚ್ಚರಿಕೆ ಕಾಣುವುದು ಕಣ್ಣಿಗೆ ಮಾತ್ರ, ಅದೂ ಬಗ್ಗಿ ನೋಡಿದವನ ಕಣ್ಣಿಗೆ.

ಇಷ್ಟು ಅಪಾಯಗಳಿರುವುದರಿಂದ, ಎಣ್ಣೆಯ ಸ್ಟೇರಿಂಗನ್ನು ಕೂಡಿಸುವ ಕೆಲಸ ಮುಗಿದು ಗ್ಯಾರೇಜಿನಿಂದ ಟ್ರ್ಯಾಕ್ಟರನ್ನು ಬಿಡಿಸಿಕೊಳ್ಳುವ ದಿನ ಹಣ ಕೊಡುವ ಮೊದಲು ಮೂರು ಕೆಲಸ ಮಾಡಿಸಿರಿ. ಎಂಜಿನ್ನನ್ನು ನಿಧಾನವಾಗಿ ನಡೆಸುತ್ತ ಚಕ್ರವನ್ನು ಕೊನೆಯಿಂದ ಕೊನೆಗೆ ಹತ್ತಾರು ಸಲ ತಿರುಗಿಸಿ ಪೈಪಿನೊಳಗಿನ ಗಾಳಿಯನ್ನು ಹೊರಡಿಸಿರಿ. ಗಾಳಿ ಉಳಿದರೆ ಚಕ್ರ ಎಳೆದೆಳೆದು ನಡೆಯುತ್ತದೆ, ಪಂಪು ಗೊರಗುಟ್ಟುತ್ತದೆ. ಬಳಿಕ ಗಾಲಿಗಳನ್ನು ಎರಡೂ ಕೊನೆಗೆ ಹೊರಳಿಸಿ, ಪೈಪು ಎಲ್ಲಿಯಾದರೂ ಟಯರಿಗೋ ಆಕ್ಸಲಿಗೋ ಉಜ್ಜುತ್ತದೆಯೇ ಎಂದು ಬಗ್ಗಿ ನೋಡಿರಿ. ಇಂದು ಉಜ್ಜಿದ ಪೈಪು ನಾಟಿಯ ಹಂಗಾಮಿನಲ್ಲಿ ಒಡೆಯುತ್ತದೆ. ಕಡೆಯದಾಗಿ, ಸಮನಾದ ಬಯಲಿನಲ್ಲಿ, ಅತಿ ಮೆಲ್ಲನೆ ಉರುಳುತ್ತಿರುವಾಗ, ಡ್ರೈವರನ ಕೈಯಿಂದಲೇ ಎಂಜಿನ್ನನ್ನು ಆರಿಸಿಸಿ, ಆ ಸ್ಥಿತಿಯಲ್ಲಿ ಚಕ್ರ ಎಷ್ಟು ಬಿಗಿಯಾಗುತ್ತದೆಂಬುದನ್ನು ಅವನೇ ಹಿಡಿದು ನೋಡುವಂತೆ ಮಾಡಿರಿ. ನಾರಾಯಣಪುರದಿಂದ ಕಾಲುವೆಗೆ ನೀರು ಬಿಡುವ ಮುಂಚೆ ಇಷ್ಟೂ ಆಗಿರಬೇಕು. ನೀರು ಬಂದ ಮೇಲೆ ನಿಮಗೂ ಬಿಡುವಿರುವುದಿಲ್ಲ, ಮಿಸ್ತ್ರಿಗೂ ಇರುವುದಿಲ್ಲ.